ಹತ್ತದೆ ಬಂದ ಬೆಟ್ಟ: ಉಲುರು ಸೀಮೆಯಲ್ಲಿ ಅಪ್ಪನ ಜೊತೆ ಐದು ದಿನ

ಮೊದಲ ದಿನ: ನೀರಿಲ್ಲದ ಹೊಳೆ

ಮೆಲ್ಬರ್ನ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನದಲ್ಲಿ ಸುಮಾರು ಮೂರು ಗಂಟೆ. ಮೊದಲ ಒಂದು ಗಂಟೆ ಅಪ್ಪ ಕೆಳಗೆ ಕಂಡ ಹೊಲ, ಕೊಟ್ಟಿಗೆ, ರಸ್ತೆಗಳ ಬಗ್ಗೆ ಏನಾದರೊಂದು ಹೇಳುತ್ತಲೇ ಇದ್ದರು. ಆಮೇಲೆ ಹಸಿರು ಮುಗಿದು, ನೆಲ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಬೆಳ್ಳಗೆ ಉಪ್ಪಿನ ಬಯಲು ಕಾಣತೊಡಗಿದಾಗ ಮಾತು ನಿಂತಿತು. ಬಹಳ ಹೊತ್ತಿನ ಮೇಲೆ, "ಒಂದು ಕೆರೆನೂ ಇಲ್ವಲ್ಲಮ್ಮ" ಅಂದರು.

ಅಪ್ಪ ಸೋಮವಾರಪೇಟೆ ಹತ್ತಿರ ಐದು ಎಕರೆ ಕಾಫಿ ತೋಟ ಮಾಡಿಕೊಂಡಿರುವವರು. ಮುಂಗಾರಿಗೆ ಮುಂಚೆ ಬೋರ್ಡೋ ಔಷಧಿ ಹೊಡೆಸಿ ಮುಗಿಸಿ, ತೋಟವನ್ನು ತಮ್ಮನಿಗೆ ಒಪ್ಪಿಸಿ ನನ್ನ ಮನೆಗೆ ಬಂದಿದ್ದರು. ಜೂನ್ ಕೊನೆಯ ವಾರವೆಂದರೆ ನಮ್ಮೂರಲ್ಲಿ ಜಡಿಮಳೆ, ಒಲೆ ಮೇಲೆ ಒಣಗುವ ಬಟ್ಟೆ. ಅದೇ ವಾರ ನಾನು ಅವರನ್ನು ಆಸ್ಟ್ರೇಲಿಯಾದ ನಟ್ಟನಡುವೆ, ಉಲುರು ಎಂಬ ಕೆಂಪು ಬಂಡೆಯ ಬೆಟ್ಟವಿರುವ ಮರುಭೂಮಿಗೆ, ಬಯಲಲ್ಲಿ ಮಲಗುವ ಪ್ರವಾಸಕ್ಕೆ ಕರೆದುಕೊಂಡು ಹೊರಟಿದ್ದೆ. ಅಲ್ಲಿ ಅದು ಚಳಿಗಾಲ, ಹೋಗಲು ಸರಿಯಾದ ಕಾಲ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಮುಖಕ್ಕೆ ಬಲೆ ಕಟ್ಟಿಕೊಳ್ಳದೆ ನೊಣಗಳಿಂದ ಉಳಿಗಾಲವಿಲ್ಲ ಎಂದು ಹೋಗಿಬಂದವರು ಹೇಳಿದ್ದರು.

ಆಲಿಸ್ ಸ್ಪ್ರಿಂಗ್ಸ್ ಊರಿನ ನಡುವೆ ಟಾಡ್ ಎಂಬ ನದಿ. ನದಿ ಅಂದರೆ ಅಗಲವಾದ ಮರಳಿನ ಹಾಸು, ಅದರ ನಡುವೆಯೇ ಬೆಳೆದ ಬಿಳಿ ಕಾಂಡದ ದೊಡ್ಡ ದೊಡ್ಡ ನೀಲಗಿರಿ ಜಾತಿಯ ಮರಗಳು. "ಈ ಹೊಳೆ ಮೂರು ಸಲ ಹರಿಯೋದನ್ನ ಕಂಡವರು ಈ ಊರಿನವರು ಅಂತ ಲೆಕ್ಕ" ಎಂದು ಉಳಿದುಕೊಂಡ ಮೋಟೆಲ್‌ನ ಹೆಂಗಸು ಹೇಳಿದರು. ಅವರು ಬಂದು ಹನ್ನೊಂದು ವರ್ಷವಾಗಿತ್ತಂತೆ.

ಈ ಊರಿಗೆ ಇಲ್ಲಿಯ ಮೂಲನಿವಾಸಿಗಳಾದ ಅರೆರ್ನ್ಟೆ ಜನರ ಹೆಸರು ಎಂಪಾರ್ನ್ಟ್ವೆ. 1871ರಲ್ಲಿ ಟೆಲಿಗ್ರಾಫ್ ತಂತಿ ಮಾರ್ಗ ಎಳೆಯಲು ಬಂದವರು ಹತ್ತಿರದ ನೀರಿನ ಗುಂಡಿಗೆ ತಮ್ಮ ಅಧಿಕಾರಿ ಚಾರ್ಲ್ಸ್ ಟಾಡ್‌ನ ಹೆಂಡತಿ ಆಲಿಸ್‌ಳ ಹೆಸರಿಟ್ಟರು. ಹೊಳೆಗೆ ಗಂಡನ ಹೆಸರು, ಊರಿಗೆ ಹೆಂಡತಿಯ ಹೆಸರು.

ಸಂಜೆ ಪೇಟೆಯ ಹುಲ್ಲುಹಾಸಿನ ಮೇಲೆ ವಯಸ್ಸಾದ ಅರೆರ್ನ್ಟೆ ಹೆಂಗಸೊಬ್ಬರು ಕಂಬಳಿ ಹಾಸಿಕೊಂಡು ಚಿತ್ರ ಮಾರುತ್ತಿದ್ದರು. ಮೊಣಕೈ ಉದ್ದದ ಕ್ಯಾನ್ವಾಸು, ಕಪ್ಪು ಹಿನ್ನೆಲೆಯ ಮೇಲೆ ಚುಕ್ಕಿಗಳು. ಅಪ್ಪ ಬಗ್ಗಿ ನೋಡಿದರು. ಚಿತ್ರದ ಸುತ್ತ ಕುದುರೆ ಲಾಳದಂಥ ಏಳು ಗುರುತುಗಳು. ಏನು ಅಂತ ಕೇಳಿದ್ದಕ್ಕೆ ಆಕೆ ಎದ್ದು, ತಾವು ಕೂತಿದ್ದ ಜಾಗ ತೋರಿಸಿದರು. ಕಂಬಳಿಯಲ್ಲಿ ಅದೇ ಆಕಾರದ ಗುಳಿ ಬಿದ್ದಿತ್ತು. ಮರಳಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಎದ್ದರೆ ಉಳಿಯುವ ಗುರುತು ಅದು. ಲಾಳದ ಗುರುತೆಂದರೆ ಕೂತಿರುವ ಮನುಷ್ಯ, ಪಕ್ಕದ ಗೀಟು ಗೆಡ್ಡೆ ಅಗೆಯುವ ಕೋಲು. ಏಳು ಹೆಂಗಸರು ಸುತ್ತ ಕೂತಿದ್ದಾರೆ. "ನಡುವಿನ ಸುತ್ತುಗಳು ಏನಂತೆ ಕೇಳು" ಅಂದರು ಅಪ್ಪ. ಕೇಳಿದೆ. ಆಕೆ ನಕ್ಕು, ಅದು ಹೆಂಗಸರ ವಿಷಯ ಅಂದರು. ನನಗಾದರೂ ಹೇಳುತ್ತಾರೇನೋ ಎಂದು ನಿಂತೆ. ನನಗೂ ಹೇಳಲಿಲ್ಲ. ನಿಮ್ಮ ನೆಲ ಯಾವುದು, ಅಲ್ಲಿ ನೀರಿದೆಯೇ ಎಂದು ಅಪ್ಪನನ್ನು ಕೇಳಿದರು. ಈಗ ಬರೀ ನೀರೇ ಎಂದು ಅಪ್ಪ ಕನ್ನಡದಲ್ಲೇ ಹೇಳಿ ಕೈಯಿಂದ ಮಳೆ ಸುರಿಸಿ ತೋರಿಸಿದರು. ಚಿತ್ರ ಕೊಂಡೆವು.

ಎರಡನೇ ದಿನ: ನಾಲ್ಕೂವರೆ ನೂರು ಕಿಲೋಮೀಟರ್

ಬೆಳಗ್ಗೆ ಆರಕ್ಕೆ ಹದಿನಾರು ಜನರ ಬಸ್ಸು ಬಂತು. ಚಾಲಕ, ಗೈಡ್, ಅಡುಗೆಯವ ಎಲ್ಲ ಒಬ್ಬನೇ, ಅಡಿಲೇಡ್ ಕಡೆಯ ಹುಡುಗ. ದಕ್ಷಿಣಕ್ಕೆ ಇನ್ನೂರು ಕಿಲೋಮೀಟರ್ ಹೋಗಿ ಎರ್ಲ್‌ಡುಂಡಾದಲ್ಲಿ ಪಶ್ಚಿಮಕ್ಕೆ ತಿರುಗಬೇಕು. ಅಲ್ಲೇ ಡೀಸೆಲ್, ಅಲ್ಲೇ ಶೌಚಾಲಯ. ಮುಂದೆ ಮತ್ತೆ ಅಂಗಡಿ ಕಾಣಲು ಬಹಳ ಹೊತ್ತು ಹೋಗಬೇಕು, ಹಾಗಾಗಿ ಬೇಕಾದ್ದನ್ನು ಆಲಿಸ್‌ನಲ್ಲೇ ಕೊಂಡುಕೊಂಡದ್ದು ಒಳ್ಳೆಯದಾಯಿತು.

ದಾರಿಯಲ್ಲಿ ಒಂಟೆಗಳು ಸಿಕ್ಕವು. 1860ರ ದೊಡ್ಡ ಅನ್ವೇಷಣಾ ಯಾತ್ರೆಗೆ ಬ್ರಿಟಿಷ್ ಇಂಡಿಯಾದಿಂದ ಒಂಟೆ ತರಿಸಿದರು, ಆಮೇಲೆ ಸಾವಿರಾರು ಬಂದವು. ಅವುಗಳ ಜೊತೆ ಬಲೂಚಿಸ್ತಾನ, ಸಿಂಧ್, ಪಂಜಾಬ್, ಪೇಶಾವರದ ಕಡೆಯ ಆಳುಗಳೂ ಬಂದರು. ಎಲ್ಲರನ್ನೂ ಇಲ್ಲಿನವರು 'ಅಫ್ಘಾನ್' ಎಂದು ಒಂದೇ ಹೆಸರಲ್ಲಿ ಕರೆದರು. ಅಡಿಲೇಡ್‌ನಿಂದ ಡಾರ್ವಿನ್‌ವರೆಗೆ ಓಡುವ 'ಘಾನ್' ರೈಲಿನ ಹೆಸರು ಅವರದೇ. ಲಾರಿ ಬಂದ ಮೇಲೆ ಒಂಟೆಗಳನ್ನು ಕಾಡಿಗೆ ಬಿಟ್ಟರು. "ಆಳುಗಳು ವಾಪಸ್ ಹೋದರಂತಾ?" ಅಪ್ಪ ಕೇಳಿದರು. ಕೆಲವರು ಹೋದರು, ಕೆಲವರು ಇಲ್ಲೇ ಮದುವೆಯಾಗಿ ಉಳಿದರು ಅಂದ ಗೈಡ್.

ಹನ್ನೊಂದರ ಹೊತ್ತಿಗೆ ಎಡಗಡೆ ದಿಗಂತದಲ್ಲಿ ದೊಡ್ಡ ಕೆಂಪು ಬೆಟ್ಟ ಎದ್ದಿತು. ಬಸ್ಸಿನಲ್ಲಿ ಎಲ್ಲರೂ ಉಲುರು ಎಂದು ಎದ್ದು ನಿಂತೆವು. ಅದು ಆಟಿಲಾ, ಮೌಂಟ್ ಕಾನರ್. ತಲೆ ಹಲಗೆಯಂತೆ ಚಪ್ಪಟೆ. ಮೊದಲ ಸಲ ಬಂದವರೆಲ್ಲ ಇಲ್ಲೇ ಮೋಸ ಹೋಗುತ್ತಾರಂತೆ.

ಅಪ್ಪನ ಕಣ್ಣು ಬೆಟ್ಟಕ್ಕಿಂತ ಮರಗಳ ಮೇಲಿತ್ತು. ಕೆಂಪು ದಿಬ್ಬಗಳ ಮೇಲೆ ಒಂದು ಕಡೆ ಪೊರಕೆ ನೆಟ್ಟಂತೆ ಸಪೂರ ಗಿಡಗಳು, ಇನ್ನೊಂದು ಕಡೆ ಹರಡಿಕೊಂಡ ಮರಗಳು. ಎರಡೂ ಒಂದೇ ಜಾತಿ, ಡೆಸರ್ಟ್ ಓಕ್. ನಮ್ಮ ಗಾಳಿಮರದ ಕುಟುಂಬದ್ದು. ತಾಯಿಬೇರು ಆಳದ ನೀರು ಮುಟ್ಟುವ ತನಕ ಗಿಡ ಹಾಗೆ ಕಡ್ಡಿಯಾಗಿಯೇ ನಿಂತಿರುತ್ತದೆ, ನೀರು ಸಿಕ್ಕ ಮೇಲೆ ಕೊಂಬೆ ಬಿಡುತ್ತದೆ. ಅಪ್ಪ ಬಸ್ಸು ನಿಂತಾಗ ಹೋಗಿ ಒಂದು ಮರದ ಕೆಳಗೆ ನಿಂತರು. ಎಲೆಯಲ್ಲ, ದಾರದಂಥ ಕಡ್ಡಿಗಳು, ಅದರಲ್ಲಿ ಗಾಳಿ ಸುಯ್ ಎನ್ನುತ್ತಿತ್ತು. ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿರುವ ಸಿಲ್ವರ್ ಓಕ್ ಕೂಡ ಮೂಲದಲ್ಲಿ ಈ ದೇಶದ ಪೂರ್ವ ಕರಾವಳಿ ಕಡೆಯದು ಎಂದು ನಾನು ಹೇಳಿದಾಗ, "ಹಂಗಾದ್ರೆ ಇದು ನಮ್ಮ ಮರದ ನೆಂಟರ ಮನೆ" ಅಂದರು.

ಮಧ್ಯಾಹ್ನದ ಊಟಕ್ಕೆ ತೊಂದರೆಯಾಯಿತು. ಬುಕ್ ಮಾಡುವಾಗಲೇ ಇಬ್ಬರಿಗೆ ಮಾಂಸವಿಲ್ಲದ ಊಟ ಎಂದು ಬರೆದಿದ್ದೆ. ಆ ಮಾತು ಕಚೇರಿಯಿಂದ ಬಸ್ಸಿನ ತನಕ ಬಂದಿರಲಿಲ್ಲ. ಅಪ್ಪ ಖಾಲಿ ಬ್ರೆಡ್ಡು, ಟೊಮೆಟೊ ತಿಂದರು. ನನಗೆ ನಿಜಕ್ಕೂ ಸಿಟ್ಟು ಬಂತು, ಎಪ್ಪತ್ತು ಹತ್ತಿರವಾದವರನ್ನು ಕರೆತಂದು ಹಸಿದು ಕೂರಿಸುವುದೆಂದರೇನು? ಗೈಡ್ ಪಾಪ ತಾನೇ ಕ್ಷಮೆ ಕೇಳಿ, ಯುಲಾರಾ ಎಂಬ ಪ್ರವಾಸಿಗರ ಊರಿನ ಅಂಗಡಿಯಿಂದ ಬೇಳೆ, ತರಕಾರಿ, ಬೇರೆಯದೇ ಒಂದು ಬಾಣಲೆ ತಂದುಕೊಂಡ. ಹೊರಡುವ ಹಿಂದಿನ ದಿನ ಫೋನ್ ಮಾಡಿ ಮತ್ತೊಮ್ಮೆ ನೆನಪಿಸಿದ್ದರೆ ಇದಾಗುತ್ತಿರಲಿಲ್ಲ. ಚೀಲದಲ್ಲಿ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಇದ್ದದ್ದು ನಮ್ಮ ಪುಣ್ಯ.

ಉಲುರು ಇರುವ ಪಾರ್ಕಿನ ಪ್ರವೇಶಕ್ಕೆ ನಾವು ಹೋದಾಗ ದೊಡ್ಡವರಿಗೆ 38 ಡಾಲರ್, ಮೂರು ದಿನಕ್ಕೆ. ಅದರಲ್ಲಿ ಒಂದು ಪಾಲು ಈ ನೆಲದ ಒಡೆಯರಾದ ಅನಂಗು ಜನರಿಗೆ ಹೋಗುತ್ತದೆ.

ಆ ಮಧ್ಯಾಹ್ನ ಬೆಟ್ಟದ ದಕ್ಷಿಣಕ್ಕಿರುವ ಮುಟಿಟ್‌ಜುಲು ನೀರಿನ ಗುಂಡಿಗೆ ನಡೆದೆವು. ದೂರದಿಂದ ನುಣ್ಣಗೆ ಕಾಣುವ ಉಲುರು ಹತ್ತಿರ ಹೋದಂತೆ ಮೊಸಳೆ ಚರ್ಮದ ಹಾಗೆ ಪದರ ಪದರ. ಕಲ್ಲೊಳಗಿನ ಕಬ್ಬಿಣ ಗಾಳಿ, ನೀರಿಗೆ ತುಕ್ಕು ಹಿಡಿದು ಕೆಂಪಾಗಿದೆ, ಚಕ್ಕೆ ಬಿದ್ದ ಕಡೆ, ಗುಹೆಗಳ ಒಳಗೆ ಬೂದು ಬಣ್ಣ. ಇಲ್ಲಿಯ ಕಥೆ ಕುನಿಯಾ ಎಂಬ ಹೆಬ್ಬಾವಿನ ಹೆಣ್ಣಿನದು. ಅವಳ ಸಂಬಂಧದ ಹುಡುಗನೊಬ್ಬನನ್ನು ಲಿರು ಎಂಬ ವಿಷದ ಹಾವಿನವರು ಕೊಂದರು. ಅವಳು ಕೋಪದಿಂದ ಬಂದು ಲಿರು ವೀರನ ತಲೆಗೆ ಕೋಲಿನಿಂದ ಎರಡು ಸಲ ಹೊಡೆದಳು. ಆ ಎರಡು ಏಟು ಬಂಡೆಯ ಮೇಲೆ ಎರಡು ಸೀಳಾಗಿ ಈಗಲೂ ಇವೆ. ಗೈಡ್ 'ನೆಫ್ಯೂ' ಅಂದ. "ಅಕ್ಕನ ಮಗನೋ ಅಣ್ಣನ ಮಗನೋ?" ಅಪ್ಪ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅನಂಗು ಭಾಷೆಯಲ್ಲಿ ಅದು ಖಂಡಿತ ಗೊತ್ತಿರುತ್ತದೆ, ಇಂಗ್ಲಿಷಿನಲ್ಲಿ ಬಿಟ್ಟುಹೋಗಿದೆ ಅಷ್ಟೆ ಎಂದು ಅಪ್ಪ ವಾದಿಸಿದರು. ನನಗೂ ಹಾಗೇ ಅನ್ನಿಸಿತು.

ಸೂರ್ಯಾಸ್ತಕ್ಕೆ ಎಲ್ಲ ಬಸ್ಸುಗಳೂ ಒಂದೇ ಕಡೆ ನಿಲ್ಲುತ್ತವೆ. ಬೆಟ್ಟ ಕಿತ್ತಳೆಯಾಗಿ, ಕೆಂಡವಾಗಿ, ಕೊನೆಗೆ ನೇರಳೆಯಾಗಿ ಕಪ್ಪಾಯಿತು. ಪಕ್ಕದ ಗುಂಪಿನ ಗ್ಲಾಸುಗಳ ಸದ್ದು ನನಗೆ ಹಿಡಿಸಲಿಲ್ಲ. ನೂರು ಹೆಜ್ಜೆ ಆಚೆ ಹೋಗಿ ನಿಂತರೆ ಅದೇ ಬೆಟ್ಟ ಸದ್ದಿಲ್ಲದೆ ಸಿಗುತ್ತದೆ.

ರಾತ್ರಿ ಮಲಗುವುದು ಸ್ವ್ಯಾಗ್‌ನಲ್ಲಿ. ದಪ್ಪ ಕ್ಯಾನ್ವಾಸಿನ ಚೀಲ, ಒಳಗೆ ತೆಳು ಹಾಸಿಗೆ, ಅದರೊಳಗೆ ಸ್ಲೀಪಿಂಗ್ ಬ್ಯಾಗ್, ಮೇಲೆ ಆಕಾಶ. ಚಳಿ ಸೊನ್ನೆಯ ಹತ್ತಿರ ಇಳಿದಿತ್ತು. ಅಮ್ಮನ ಉಲ್ಲನ್ ಮಫ್ಲರ್ ಸುತ್ತಿಕೊಂಡ ಅಪ್ಪ ಮೂಗು ಮಾತ್ರ ಹೊರಗಿಟ್ಟು ಮಲಗಿದರು. ಟೋಪಿ, ಕೈಗವಸು, ಎರಡು ಜೊತೆ ಕಾಲುಚೀಲ, ಇವಿಷ್ಟು ಇಲ್ಲದೆ ಯಾರೂ ಜೂನ್‌ನಲ್ಲಿ ಇಲ್ಲಿಗೆ ಬರಬಾರದು.

ಮೂರನೇ ದಿನ: ಸುತ್ತು

ಉಲುರುವನ್ನು ಸುತ್ತುವ ದಾರಿ 10.6 ಕಿಲೋಮೀಟರ್. ಪಶ್ಚಿಮದ ಮಾಲಾ ಕಡೆಯಿಂದ ಹೊರಟು ಬೆಟ್ಟವನ್ನು ಬಲಗೈಗೆ ಇಟ್ಟುಕೊಂಡು ನಡೆದೆವು. "ಪ್ರದಕ್ಷಿಣೆ ಸರಿಯಾಗೇ ಇದೆ" ಅಂದರು ಅಪ್ಪ, ಸಮಾಧಾನದಿಂದ.

ಹೊರಡುವ ಜಾಗದಲ್ಲೇ ಬೆಟ್ಟದ ಬೆನ್ನ ಮೇಲೆ ಬೆಳ್ಳನೆಯ ಗೀಟು ಕಾಣುತ್ತದೆ. ದಶಕಗಳ ಕಾಲ ಜನ ಹತ್ತಿ ಹತ್ತಿ ಸವೆದ ಗುರುತು. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೆಯವನು ಇದಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಮುಖ್ಯ ಕಾರ್ಯದರ್ಶಿ ಹೆನ್ರಿ ಏಯರ್ಸ್‌ನ ಹೆಸರಿಟ್ಟ. 1960ರ ದಶಕದಲ್ಲಿ ಹತ್ತುವವರಿಗೆಂದು ಸರಪಳಿ ಹಾಕಿದರು. ಹತ್ತುವಾಗ ಮೂವತ್ತೈದಕ್ಕೂ ಹೆಚ್ಚು ಜನ ಸತ್ತರು. 1985ರ ಅಕ್ಟೋಬರ್ 26ರಂದು ಸರ್ಕಾರ ಈ ನೆಲವನ್ನು ಅನಂಗು ಜನರಿಗೆ ಮರಳಿಸಿತು, ಅವರು ಅದನ್ನು 99 ವರ್ಷಕ್ಕೆ ರಾಷ್ಟ್ರೀಯ ಉದ್ಯಾನಕ್ಕಾಗಿ ಗುತ್ತಿಗೆ ಕೊಟ್ಟರು. ದಯವಿಟ್ಟು ಹತ್ತಬೇಡಿ ಎಂದು ಅವರು ವರ್ಷಗಟ್ಟಲೆ ಕೇಳಿಕೊಂಡರೂ ಜನ ಹತ್ತುತ್ತಲೇ ಇದ್ದರು. 2019ರ ಅಕ್ಟೋಬರ್ 26ರಂದು ಹತ್ತುವುದು ಪೂರ್ತಿ ನಿಂತಿತು. ಆ ದಾರಿ ಅವರ ಮೂಲಪುರುಷರಾದ ಮಾಲಾ (ಪುಟ್ಟ ಕಾಂಗರೂ ಜಾತಿ) ಗಂಡಸರು ಇಲ್ಲಿಗೆ ಬಂದ ದಾರಿ, ಅದಕ್ಕೆ.

ನಮ್ಮ ಕಡೆ ದೇವರ ಬೆಟ್ಟವೆಂದರೆ ಹತ್ತುವುದೇ. ಶ್ರವಣಬೆಳಗೊಳದಲ್ಲಿ ಬರಿಗಾಲಲ್ಲಿ ಹತ್ತಿದ್ದೇವೆ, ಪುಷ್ಪಗಿರಿಯನ್ನೂ ಹತ್ತಿದ್ದೇವೆ. ಹತ್ತಬಾರದು ಎನ್ನುವುದು ಅಪ್ಪನಿಗೆ ವಿಚಿತ್ರ ಅನ್ನಿಸೀತೆಂದು ನಾನು ಕಾದಿದ್ದೆ. ಅವರು ಗೀಟನ್ನು ನೋಡಿ, "ದೇವರಕಾಡಿನ ನಡುವೆ ರಸ್ತೆ ಮಾಡಿದ ಹಂಗೆ" ಎಂದಷ್ಟೇ ಹೇಳಿ ನಡೆದರು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮೂರಿನದರಲ್ಲಿ ಕೊಡಲಿ ಹಾಕುವಂತಿಲ್ಲ, ಒಣ ಪುರಳೆಯನ್ನೂ ತರುವಂತಿಲ್ಲ. ಒಳಗೆ ಒಂದು ಕಲ್ಲಿದೆ, ಅಲ್ಲಿಗೆ ವರ್ಷಕ್ಕೊಮ್ಮೆ ಮಾತ್ರ, ಗೊತ್ತಾದ ಮನೆಯವರು ಮಾತ್ರ ಹೋಗುತ್ತಾರೆ. ನಾನು ಹುಟ್ಟಿ ಬೆಳೆದ ಊರು, ಆ ಕಲ್ಲನ್ನು ನಾನು ನೋಡಿಲ್ಲ.

ಉತ್ತರದ ಮಗ್ಗುಲಲ್ಲಿ ಫಲಕಗಳು ಬರುತ್ತವೆ: ಇಲ್ಲಿಂದ ಇಲ್ಲಿಯ ತನಕ ಫೋಟೊ ತೆಗೆಯಬೇಡಿ. ಅಲ್ಲಿಯ ಸೀಳು, ಗುಹೆ, ಕಲೆಗಳೇ ಅವರ ಶಾಸ್ತ್ರ. ಅದನ್ನು ಅಲ್ಲೇ ನಿಂತು ನೋಡಬೇಕು, ಬೇರೆ ಕಡೆ ಕೊಂಡೊಯ್ಯುವಂತಿಲ್ಲ. ಕೆಲವು ಗಂಡಸರ ಜಾಗ, ಕೆಲವು ಹೆಂಗಸರ ಜಾಗ. ಗಂಡಸರದನ್ನು ಹೆಂಗಸರು ತಿಳಿಯಬಾರದು, ಹೆಂಗಸರದನ್ನು ಗಂಡಸರು. ಒಂದು ಜಾಗದಲ್ಲಿ ಗೈಡ್ ಸುಮ್ಮನೆ ನಡೆಯತೊಡಗಿದ. ಇದರ ಕಥೆ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳಲು ಅದು ನನ್ನದಲ್ಲ ಅಂದ. ಅಪ್ಪ ಫೋನನ್ನು ಜೇಬಿಗಲ್ಲ, ಚೀಲದ ತಳಕ್ಕೇ ಹಾಕಿ ಜಿಪ್ ಎಳೆದರು.

ನಾನೇ ಒಂದು ತಪ್ಪು ಮಾಡಿದೆ. ಪೂರ್ವದ ತುದಿಯಲ್ಲಿ ಕಾಲ ಬುಡದಲ್ಲಿ ಒಂದು ಚಕ್ಕೆ ಬಿದ್ದಿತ್ತು, ಹೆಬ್ಬೆರಳಿನಷ್ಟು, ಒಂದು ಕಡೆ ಕೆಂಪು, ಒಂದು ಕಡೆ ಬೂದು. ಮಗಳಿಗೆ ತೋರಿಸೋಣ ಎಂದು ಜಾಕೆಟ್ ಜೇಬಿಗೆ ಹಾಕಿಕೊಂಡೆ. ಸುತ್ತು ಮುಗಿಸಿ ಸಾಂಸ್ಕೃತಿಕ ಕೇಂದ್ರಕ್ಕೆ ಹೋದಾಗ ಅಲ್ಲಿ ಒಂದು ಪುಸ್ತಕ ಇಟ್ಟಿದ್ದರು. ಇಲ್ಲಿಂದ ಕಲ್ಲು, ಮರಳು ಒಯ್ದವರು ಅದನ್ನು ಅಂಚೆಯಲ್ಲಿ ವಾಪಸ್ ಕಳಿಸಿ ಬರೆದ ಕ್ಷಮೆಯ ಪತ್ರಗಳು. ಎಷ್ಟೋ ದೇಶಗಳಿಂದ. ನಿಂತಲ್ಲೇ ನಾಲ್ಕೈದು ಪತ್ರ ಓದಿದೆ. ಜೇಬಿನಲ್ಲಿ ಚಕ್ಕೆ ಬೆಚ್ಚಗಾಗಿತ್ತು. ಅಪ್ಪನಿಗೆ ತೋರಿಸಿದೆ. ಬೈಯಲಿಲ್ಲ. "ಎಲ್ಲಿ ತಗೊಂಡೆ, ನೆನಪಿದೆಯಾ?" ಅಂತ ಮಾತ್ರ ಕೇಳಿದರು.

ಗೈಡ್‌ಗೆ ಹೇಳಿದೆ. ಅವನು ಉಳಿದವರ ಊಟ ಹತ್ತು ನಿಮಿಷ ಮುಂದಕ್ಕೆ ಹಾಕಿ, ಪೂರ್ವದ ಕಡೆ ಬಸ್ಸು ತಿರುಗಿಸಿದ. ಬಾಗಿದ ಒಂದು ಮರದ ಗುರುತಿತ್ತು. ಇಳಿದು ಹೋಗಿ, ಕೆಂಪು ಮಗ್ಗುಲು ಮೇಲಾಗಿ ಇಟ್ಟು ಬಂದೆ. ಬಸ್ಸಿನಲ್ಲಿದ್ದ ಫ್ರಾನ್ಸ್ ದೇಶದ ಹೆಂಗಸು ಸುಮ್ಮನೆ ನನ್ನ ಕೈ ಒತ್ತಿದರು.

ಮಧ್ಯಾಹ್ನ ಕಾಟಾ ಟ್‌ಜುಟಾ. 'ಬಹಳ ತಲೆಗಳು' ಎಂದು ಅರ್ಥ, 36 ಗುಮ್ಮಟಗಳು, ಅತಿ ಎತ್ತರದ್ದು ನೆಲದಿಂದ 546 ಮೀಟರ್. ಉಲುರುಗಿಂತ ಸುಮಾರು ಇನ್ನೂರು ಮೀಟರ್ ಹೆಚ್ಚು. ಇದು ಗಂಡಸರ ಪವಿತ್ರ ಜಾಗ, ಕಥೆ ಒಂದೂ ಹೊರಗೆ ಬರುವುದಿಲ್ಲ. ಹಾಗಾಗಿ ಕಲ್ಲನ್ನಷ್ಟೇ ನೋಡಿದೆವು. ಉಲುರು ಒಂದೇ ಸಮನಾದ ಮರಳುಗಲ್ಲು, ಇದು ಕಡಲೆ ಮಿಠಾಯಿಯ ಹಾಗೆ, ಮುಷ್ಟಿಯಷ್ಟು, ತಲೆಯಷ್ಟು ಗುಂಡುಕಲ್ಲುಗಳನ್ನು ಕೆಂಪು ಪಾಕದಲ್ಲಿ ಹಿಡಿದಿಟ್ಟಂತೆ. ಗಾಳಿ ಕಣಿವೆಯ ದಾರಿ 7.4 ಕಿಲೋಮೀಟರ್, ಕಡಿದಾದ ಇಳಿಜಾರುಗಳಿವೆ. ಬಿಸಿಲು 36 ಡಿಗ್ರಿ ಮುಟ್ಟುವ ದಿನ ಮೊದಲ ನೋಟದ ಜಾಗದಿಂದ ಮುಂದೆ ಬಿಡುವುದಿಲ್ಲ. ನಮಗೆ ಚಳಿಯ ಬಿಸಿಲು, ತೊಂದರೆಯಾಗಲಿಲ್ಲ. ಅಪ್ಪ ಎರಡನೇ ನೋಟದ ಜಾಗದ ತನಕ ಬಂದು, ಎರಡು ಗೋಡೆಗಳ ನಡುವೆ ಕೂತು ಅರ್ಧ ಗಂಟೆ ಏಳಲಿಲ್ಲ. ನಾನೂ ಎಬ್ಬಿಸಲಿಲ್ಲ.

ನಾಲ್ಕನೇ ದಿನ: ಕೆಂಡದ ರೊಟ್ಟಿ

ಕಿಂಗ್ಸ್ ಕ್ಯಾನ್ಯನ್ ಕಣಿವೆ ಇರುವ ವಾಟಾರ್ಕಾ ಕಡೆಗೆ ಸುಮಾರು ಮುನ್ನೂರು ಕಿಲೋಮೀಟರ್. ಪಾರ್ಕಿನೊಳಗೆ ಸೌದೆ ಆಯುವಂತಿಲ್ಲ, ಹೊರಗೆ ರಸ್ತೆ ಬದಿಯಲ್ಲಿ ನಿಲ್ಲಿಸಿ ಎಲ್ಲರೂ ಒಣ ಮುಲ್ಗಾ ಕಟ್ಟಿಗೆ ಎಳೆದೆವು. ಕಬ್ಬಿಣದಂಥ ಮರ, ಕೈ ಎಲ್ಲ ಗೀರು. ಹಸಿ ಕೊಂಬೆ ಮುರಿಯಲು ಹೋದ ಕೊರಿಯಾದ ಹುಡುಗನನ್ನು ಅಪ್ಪ ಕನ್ನಡದಲ್ಲೇ ತಡೆದರು, ಅವನಿಗೆ ಅರ್ಥವಾಯಿತು.

ಬೀಡು ಬಿಟ್ಟ ಜಾಗದಲ್ಲಿ ಆ ರಾತ್ರಿ ಗೈಡ್ 'ಡ್ಯಾಂಪರ್' ಮಾಡಿದ. ಮೈದಾಹಿಟ್ಟು, ಉಪ್ಪು, ನೀರು ಕಲಸಿ, ಬೀಡು ಕಬ್ಬಿಣದ ಮುಚ್ಚಳದ ಪಾತ್ರೆಯಲ್ಲಿಟ್ಟು, ಕೆಂಡದ ಗುಳಿಗೆ ಇಳಿಸಿ, ಮುಚ್ಚಳದ ಮೇಲೂ ಕೆಂಡ ಸುರಿದ. ಅರ್ಧ ಗಂಟೆಗೆ ಕರಕಲು ಅಂಚಿನ ದಪ್ಪ ರೊಟ್ಟಿ. ಅವರು ಬೆಣ್ಣೆ, ಸಕ್ಕರೆಪಾಕ ಹಾಕಿಕೊಂಡರು. ಅಪ್ಪ ಚಟ್ನಿಪುಡಿ ಡಬ್ಬಿ ತೆಗೆದರು. ಹತ್ತು ನಿಮಿಷದಲ್ಲಿ ಡಬ್ಬಿ ಬೆಂಕಿಯ ಸುತ್ತ ಒಂದು ಸುತ್ತು ಹೋಗಿ ಬರಿದಾಗಿ ಬಂತು. ಅಪ್ಪ ಮೂರು ದಿನಗಳಲ್ಲಿ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ತಲೆಯ ಮೇಲೆ ತ್ರಿಶಂಕು ನಾಲ್ಕೂ ಚುಕ್ಕಿಗಳಲ್ಲಿ ನಿಂತಿದ್ದ. ನಮ್ಮೂರಿನಿಂದ ಕಂಡರೂ ದಕ್ಷಿಣದ ಮರಗಳ ತಲೆ ಸವರಿಕೊಂಡು ಹೋಗುವವನು.

ಬೆಳಗಿನ ಜಾವ ಐದೂವರೆಗೆ ಅಪ್ಪನೇ ಎಬ್ಬಿಸಿದರು. "ಪುಟ್ಟಿ, ಏಳು. ಕೃತ್ತಿಕೆ ಹುಟ್ಟಿದೆ." ಪೂರ್ವದಲ್ಲಿ ಆ ಪುಟ್ಟ ಗೊಂಚಲು ಮೇಲೆದ್ದಿತ್ತು. ಬೆಂಕಿ ಕೆದಕುತ್ತಿದ್ದ ಗೈಡ್ ಅದನ್ನು ಕುಂಗ್ಕಾರಂಗ್ಕಾಲ್ಪಾ ಅಂದ, ಏಳು ಅಕ್ಕತಂಗಿಯರು. ನ್ಯಿರು ಎಂಬ ಗಂಡಸು ಬೆನ್ನು ಹತ್ತಿದ, ಇವರು ಮರುಭೂಮಿಯುದ್ದಕ್ಕೂ ಓಡಿ ಕೊನೆಗೆ ಆಕಾಶಕ್ಕೆ ಹೋದರು. ಹೊರಗಿನವರಿಗೆ ಹೇಳುವಷ್ಟು ಇಷ್ಟು. ಅಪ್ಪ ತಮ್ಮ ಕಥೆ ಹೇಳಿದರು: ಏಳು ಋಷಿಗಳ ಹೆಂಡಂದಿರು, ಅರುಂಧತಿ ಒಬ್ಬಳು ಗಂಡನ ಜೊತೆ ಉಳಿದಳು, ಉಳಿದ ಆರು ಜನ ಸುಬ್ರಹ್ಮಣ್ಯನಿಗೆ ಹಾಲು ಕೊಟ್ಟ ತಾಯಂದಿರು. ನಾನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿದೆ. ಷಷ್ಠಿಗೆ ಕುಕ್ಕೆಗೆ ನಡೆದುಕೊಳ್ಳುವ ಮನೆ ನಮ್ಮದು, ಈ ಕಥೆ ಹೇಳುವಾಗ ಅಪ್ಪನ ದನಿ ಬೇರೆಯಾಗುತ್ತದೆ. ಚಹಾ ಆರಿಹೋಯಿತು.

ಐದನೇ ದಿನ: ಕಣಿವೆಯ ಅಂಚು

ಶೂಗಳನ್ನು ಸ್ವ್ಯಾಗ್ ಒಳಗಿಟ್ಟುಕೊಳ್ಳಿ, ಡಿಂಗೊ ಎಂಬ ಕಾಡುನಾಯಿ ಒಯ್ಯುತ್ತದೆ ಎಂದು ಗೈಡ್ ರಾತ್ರಿಯೇ ಹೇಳಿದ್ದ. ಅಪ್ಪ ಕೃತ್ತಿಕೆ ನೋಡಲು ಎದ್ದಾಗ ಚಪ್ಪಲಿ ಮೆಟ್ಟಿ, ಶೂ ಹೊರಗೆ ಬಿಟ್ಟಿದ್ದರು. ಎಡಗಾಲಿನದು ಅರವತ್ತು ಹೆಜ್ಜೆ ದೂರ ಸಿಕ್ಕಿತು, ಲೇಸ್ ಮಾತ್ರ ಇರಲಿಲ್ಲ. ಡೇರೆಯ ಹಗ್ಗ ಕತ್ತರಿಸಿ ಕಟ್ಟಿದೆವು.

ಕಿಂಗ್ಸ್ ಕ್ಯಾನ್ಯನ್ ಅಂಚಿನ ದಾರಿ ಆರು ಕಿಲೋಮೀಟರ್, ಮೂರು ನಾಲ್ಕು ಗಂಟೆ. ಕಷ್ಟವೆಲ್ಲ ಮೊದಲ ಇಪ್ಪತ್ತು ನಿಮಿಷದಲ್ಲಿ, ಸುಮಾರು ಐನೂರು ಮೆಟ್ಟಿಲು. ಅಪ್ಪ ಐವತ್ತಕ್ಕೊಮ್ಮೆ ನಿಂತು ಹತ್ತಿದರು. ಮೇಲೆ ಜೇನುಗೂಡಿನಂಥ ಸಾವಿರಾರು ಕಲ್ಲು ಗುಮ್ಮಟಗಳು, ನೂರು ಮೀಟರ್‌ಗೂ ಆಳಕ್ಕೆ ಕತ್ತರಿಸಿಟ್ಟಂಥ ಗೋಡೆ. ಅಂಚಿನಿಂದ ಹಿಂದೆಯೇ ನಿಲ್ಲಬೇಕು, ತಡೆಗೋಡೆ ಇಲ್ಲ. ನಡುವೆ ಮರದ ಮೆಟ್ಟಿಲಿಳಿದರೆ ಬಂಡೆಗಳ ಸಂದಿಯಲ್ಲಿ ನೀರು, ಸೈಕಾಡ್ ಗಿಡಗಳು. ಮಳೆಕಾಡು ಹೋಗಿ ಮರುಭೂಮಿಯಾದರೂ ಈ ನೆರಳಿನಲ್ಲಿ ಉಳಿದುಕೊಂಡ ಹಳೆಯ ಸಸ್ಯ. ಅಪ್ಪ ನೀರಿಗೆ ಕೈ ಹಾಕಲಿಲ್ಲ, ದಡದಲ್ಲಿ ಕೂತು ಗಿಡದ ಗರಿಯನ್ನು ಬೆರಳಲ್ಲಿ ಸವರಿದರು. ಐದು ದಿನಗಳಲ್ಲಿ ಮೊದಲ ಸಲ ಒದ್ದೆ ಮಣ್ಣಿನ ವಾಸನೆ ಬಂತು.

ಸಂಜೆ ಆಲಿಸ್. ಬಿಸಿನೀರಿನ ಸ್ನಾನದಲ್ಲಿ ಮೈಯಿಂದ ಇಳಿದ ನೀರು ಕೆಂಪಗಿತ್ತು.

ಅಪ್ಪ ಊರಿಗೆ ಹೋಗಿ ಎರಡು ತಿಂಗಳಾಯಿತು. ಚಿತ್ರಕ್ಕೆ ಕಟ್ಟು ಹಾಕಿಸಿ ಜಗಲಿಯಲ್ಲಿ ನೇತು ಹಾಕಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರಂತೆ, ಇದು ಕೂತಿರೋ ಹೆಂಗಸರು, ಇದು ಗೆಡ್ಡೆ ಅಗಿಯೋ ಕೋಲು ಅಂತ. ನಡುವೆ ಇರುವುದೇನು ಎಂದು ಯಾರಾದರೂ ಕೇಳಿದರೆ, "ಅದನ್ನ ಆಯಮ್ಮ ಹೇಳ್ಲಿಲ್ಲ" ಅಂದು ಕಾಫಿ ತರಲು ಒಳಗೆ ಹೋಗುತ್ತಾರೆ ಎಂದು ಅಮ್ಮ ಫೋನಿನಲ್ಲಿ ಹೇಳಿದರು.